ತೂಕದ ಯಂತ್ರಕ್ಕೆ ಕಾಣದ ಲಾಭ

“ಮೂರು ತಿಂಗಳಿಂದ ಒಂದು ದಿನವೂ ತಪ್ಪಿಸದೆ ವಾಕಿಂಗ್ ಹೋಗ್ತಿದೀನಿ ಮಾರಾಯ್ರೆ, ಒಂದು ಕೆ.ಜಿ.ಯೂ ಇಳಿದಿಲ್ಲ!” ಯಾವ ಊರಿನ ಪಾರ್ಕಿಗೆ ಹೋದರೂ ಬೆಳಗಿನ ಹೊತ್ತು ಕಲ್ಲುಬೆಂಚಿನ ಮೇಲೆ ಈ ಮಾತು ಕಿವಿಗೆ ಬೀಳುತ್ತದೆ. ಪಕ್ಕದಲ್ಲಿ ಕೂತವರು ರಾತ್ರಿ ಅನ್ನ ಬಿಡಿ, ಜೀರಿಗೆ ನೀರು ಕುಡಿಯಿರಿ ಎಂದು ತಮಗೆ ತೋಚಿದ್ದನ್ನು ಹೇಳುತ್ತಾರೆ. ಇನ್ನೊಂದು ತಿಂಗಳು ಹೇಗೋ ಕಳೆಯುತ್ತದೆ. ಮುಳ್ಳು ಅಲ್ಲಾಡುವುದಿಲ್ಲ. ಆಮೇಲೆ ಶೂ ಮಂಚದ ಕೆಳಗೆ ಸೇರುತ್ತದೆ.

ಇಲ್ಲಿ ತಪ್ಪಿರುವುದು ನಡಿಗೆಯಲ್ಲ, ಲೆಕ್ಕ. ಆ ಮೂರು ತಿಂಗಳಲ್ಲಿ ಆ ಮನುಷ್ಯನ ದೇಹದಲ್ಲಿ ದೊಡ್ಡ ಬದಲಾವಣೆಯೇ ಆಗಿರುವ ಸಾಧ್ಯತೆ ಇದೆ. ಅದು ಆಗಿರುವುದು ಹೊಟ್ಟೆಯ ಕೊಬ್ಬಿನಲ್ಲಲ್ಲ, ರಕ್ತನಾಳಗಳ ಗೋಡೆಯಲ್ಲಿ. ವಯಸ್ಸಾದಂತೆ ನಮ್ಮನ್ನು ಹೆಚ್ಚು ಕಾಡುವ ಬಿಪಿ, ಹೃದಯಾಘಾತ, ಲಕ್ವ ಎಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಆ ಗೋಡೆಯ ಕಾಯಿಲೆಗಳೇ. ಹಾಗಾಗಿ ನಡಿಗೆಯ ಫಲವನ್ನು ಅಳೆಯಬೇಕಾದದ್ದೂ ಅಲ್ಲಿಯೇ.

ಈ ವಿಷಯದ ಮೊದಲ ದೊಡ್ಡ ಸುಳಿವು ಸಿಕ್ಕಿದ್ದು ಲಂಡನ್ನಿನ ಸಿಟಿ ಬಸ್ಸುಗಳಲ್ಲಿ. ಎರಡನೇ ಮಹಾಯುದ್ಧ ಮುಗಿದ ಕೆಲವು ವರ್ಷಗಳಿಗೆ ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರುಗಳ ಆರೋಗ್ಯದ ದಾಖಲೆಗಳನ್ನು ಹೋಲಿಸಿ ನೋಡಿದರು. ಇಬ್ಬರದೂ ಒಂದೇ ಬಸ್ಸು, ಒಂದೇ ಪಾಳಿ, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನ. ಡ್ರೈವರು ಪಾಳಿಯ ಬಹುಪಾಲು ಸಮಯ ಕೂತೇ ಇರುತ್ತಿದ್ದ. ಕಂಡಕ್ಟರು ಟಿಕೆಟ್ ಹರಿಯುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿಳಿಯುತ್ತಿದ್ದ. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು, ಮೊದಲ ಹೊಡೆತಕ್ಕೇ ಪ್ರಾಣ ಒಯ್ಯುವುದೂ ಡ್ರೈವರುಗಳಿಗಿಂತ ಕಡಿಮೆಯಿತ್ತು.

ಡ್ರೈವರುಗಳು ದಪ್ಪಗಿದ್ದರು, ಅದಕ್ಕೇ ಹೀಗಾಯಿತು ಎಂದು ಯಾರಿಗಾದರೂ ಅನಿಸಬಹುದು. ಮಾರಿಸ್‌ಗೂ ಅನಿಸಿತು. ಪರೀಕ್ಷಿಸಲು ಅವರು ಹಿಡಿದ ದಾರಿ ಮಜವಾಗಿದೆ. ಕಂಪನಿ ಎಲ್ಲರಿಗೂ ಸಮವಸ್ತ್ರ ಹೊಲಿಸಿ ಕೊಡುತ್ತಿತ್ತು, ದರ್ಜಿಗಳ ಬಳಿ ಪ್ರತಿಯೊಬ್ಬನ ಪ್ಯಾಂಟಿನ ಸೊಂಟದ ಅಳತೆ ಬರೆದಿಟ್ಟಿತ್ತು. ಮಾರಿಸ್ ಆ ಅಳತೆಗಳನ್ನು ತರಿಸಿಕೊಂಡರು. ಡ್ರೈವರುಗಳ ಸೊಂಟ ದಪ್ಪವಿತ್ತು ನಿಜ. ಆದರೆ ತೆಳ್ಳಗಿನ ಡ್ರೈವರನ್ನು ತೆಳ್ಳಗಿನ ಕಂಡಕ್ಟರ್ ಜೊತೆ, ಡುಮ್ಮನನ್ನು ಡುಮ್ಮನ ಜೊತೆ ಇಟ್ಟು ನೋಡಿದಾಗಲೂ ಹಠಾತ್ ಸಾವಿನ ಪಾಲು ಡ್ರೈವರುಗಳ ಕಡೆಗೇ ವಾಲುತ್ತಿತ್ತು. ಮೆಟ್ಟಿಲು ಹತ್ತುವುದರಲ್ಲಿ ಸೊಂಟದ ಅಳತೆಗೆ ಸಿಗದ ಲಾಭ ಏನೋ ಇತ್ತು.

ಅದು ಏನು ಎಂದು ತಿಳಿಯಬೇಕಾದರೆ ರಕ್ತನಾಳಕ್ಕೆ ವಯಸ್ಸಾಗುವುದು ಹೇಗೆ ಎಂಬುದನ್ನು ನೋಡಬೇಕು. ಅದು ಎರಡು ಕಡೆಯಿಂದ ಆಗುತ್ತದೆ.

ಒಂದು, ಗೋಡೆ ಬಿರುಸಾಗುವುದು. ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆಯಲ್ಲಿ ಎಲಾಸ್ಟಿನ್ ಎಂಬ ಹಿಗ್ಗುವ ನಾರು ಪದರಪದರವಾಗಿ ಇರುತ್ತದೆ. ಹೃದಯ ಒಮ್ಮೆ ಮಿಡಿದಾಗ ನಾಳ ಹಿಗ್ಗಿ ರಕ್ತವನ್ನು ತುಂಬಿಕೊಳ್ಳುತ್ತದೆ, ಎರಡು ಮಿಡಿತಗಳ ನಡುವೆ ಕುಗ್ಗಿ ಅದನ್ನು ಮುಂದಕ್ಕೆ ದೂಡುತ್ತದೆ. ಹೃದಯ ಬಿಟ್ಟುಬಿಟ್ಟು ಮಿಡಿದರೂ ಬೆರಳ ತುದಿಯ ಸಣ್ಣ ನಾಳಗಳಲ್ಲಿ ರಕ್ತ ಸಮವಾಗಿ ಹರಿಯುವುದು ಈ ಉಪಾಯದಿಂದ. ಆದರೆ ಈ ನಾರು ತಯಾರಾಗುವುದು ಬಹುಮಟ್ಟಿಗೆ ಗರ್ಭದಲ್ಲಿ ಮತ್ತು ಎಳವೆಯಲ್ಲಿ. ಆಮೇಲೆ ಹೊಸದು ಬರುವುದಿಲ್ಲ ಎಂದೇ ಹೇಳಬೇಕು. ದಿನಕ್ಕೆ ಸುಮಾರು ಒಂದು ಲಕ್ಷ ಮಿಡಿತ; ಐವತ್ತು ಅರವತ್ತು ವರ್ಷ ಹಿಗ್ಗಿ ಕುಗ್ಗಿ ನಾರು ಅಲ್ಲಲ್ಲಿ ತುಂಡಾಗುತ್ತದೆ. ಅದರ ಜಾಗವನ್ನು ಕೊಲಾಜನ್ ಎಂಬ ಗಡಸು ನಾರು ಹಿಡಿಯುತ್ತದೆ. ಬಿಸಿಲಿಗೆ ಒಣಗಿದ ಹಳೆಯ ಸೈಕಲ್ ಟ್ಯೂಬನ್ನು ಕೈಯಲ್ಲಿ ಹಿಡಿದು ಎಳೆದವರಿಗೆ ಈ ಸ್ಥಿತಿ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ನಾಳ ಹಿಗ್ಗದಿದ್ದರೆ ಪ್ರತಿ ಮಿಡಿತದ ಹೊಡೆತ ನೇರವಾಗಿ ಮುಂದಕ್ಕೆ ಹೋಗುತ್ತದೆ. ಅರವತ್ತು ದಾಟಿದವರ ಬಿಪಿ ಚೀಟಿಯಲ್ಲಿ 150/70 ಎಂದು ಬರೆದಿರುತ್ತದಲ್ಲ, ಮೇಲಿನ ಅಂಕಿ ಏರಿದರೂ ಕೆಳಗಿನದು ಇಳಿದೇ ಇರುತ್ತದೆ. ಅದರ ಹಿಂದೆ ಇರುವುದು ಬಹುತೇಕ ಈ ಬಿರುಸೇ. ಆ ಹೊಡೆತವನ್ನು ತಾಳಿಕೊಳ್ಳಬೇಕಾದವು ಮಿದುಳು ಮತ್ತು ಮೂತ್ರಪಿಂಡದ ನವುರಾದ ನಾಳಗಳು. ಅತ್ತ ಹೃದಯವೂ ಹೆಚ್ಚು ಒತ್ತಡದ ಎದುರು ದುಡಿದು ದಪ್ಪವಾಗುತ್ತದೆ.

ಎರಡನೆಯದು, ಒಳಪದರ ಮಂಕಾಗುವುದು. ಎಲ್ಲ ರಕ್ತನಾಳಗಳ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರವಿದೆ. ಬಹಳ ಕಾಲ ಇದನ್ನು ಬರಿಯ ಅಸ್ತರು ಎಂದು ತಿಳಿದಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಣುಕುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೆ ತುಣುಕು ಒಮ್ಮೊಮ್ಮೆ ಸಡಿಲವಾಗುತ್ತಿತ್ತು, ಒಮ್ಮೊಮ್ಮೆ ಬಿಗಿಯುತ್ತಿತ್ತು. ಕತ್ತರಿಸುವಾಗ ಒಳಮೈ ಉಜ್ಜಿಹೋಗಿದ್ದರೆ ಬಿಗಿತ, ಉಜ್ಜದೆ ಹಾಗೇ ಉಳಿದಿದ್ದರೆ ಸಡಿಲ! ಅಂದರೆ ನಾಳಕ್ಕೆ ಸಡಿಲಗೊಳ್ಳೆಂದು ಹೇಳುತ್ತಿದ್ದುದು ಆ ಒಳಪದರ. ಈ ಸಂಗತಿ 1980ರಲ್ಲಿ ಪ್ರಕಟವಾಯಿತು. ಒಳಪದರ ಕೊಡುತ್ತಿದ್ದ ಆ ಅಪ್ಪಣೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ರೂಪದ್ದು ಎಂದು ಮುಂದೆ ಗೊತ್ತಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೂ ಇದಕ್ಕಾಗಿ ನೊಬೆಲ್ ಬಂತು. ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ನೈಟ್ರೋಗ್ಲಿಸರಿನ್ ಮಾತ್ರೆ ಕೆಲಸ ಮಾಡುವುದೂ ಇದೇ ಅನಿಲದ ಮೂಲಕ. ನೈಟ್ರೋಗ್ಲಿಸರಿನ್ನಿನಿಂದ ಡೈನಮೈಟ್ ಮಾಡಿ ಹಣ ಗಳಿಸಿದ ಆಲ್ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ವೈದ್ಯರು ಎದೆನೋವಿಗೆಂದು ಬರೆದುಕೊಟ್ಟದ್ದೂ ಅದನ್ನೇ.

ನೈಟ್ರಿಕ್ ಆಕ್ಸೈಡಿನ ಆಯಸ್ಸು ಕೆಲವೇ ಸೆಕೆಂಡು. ಅಷ್ಟರಲ್ಲಿ ಅದು ನಾಳವನ್ನು ಅಗಲಿಸುತ್ತದೆ, ರಕ್ತದ ಕಿರುಬಿಲ್ಲೆಗಳು ಗೋಡೆಗೆ ಅಂಟದಂತೆ ನೋಡಿಕೊಳ್ಳುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ. ವಯಸ್ಸಾದಂತೆ ಅದನ್ನು ಹಾಳುಮಾಡುವ ಆಮ್ಲಜನಕದ ಪುಂಡ ಕಣಗಳು ಗೋಡೆಯಲ್ಲಿ ಹೆಚ್ಚುತ್ತವೆ. ತಯಾರಾದ ನೈಟ್ರಿಕ್ ಆಕ್ಸೈಡ್ ಕೆಲಸಕ್ಕೆ ಬರುವ ಮೊದಲೇ ಸತ್ತುಹೋಗುತ್ತದೆ. ಈ ಇಳಿಮುಖ ಗಂಡಸರಲ್ಲಿ ನಲವತ್ತರ ಸುಮಾರಿಗೆ ಶುರುವಾದರೆ ಹೆಂಗಸರಲ್ಲಿ ಐವತ್ತರ ಆಸುಪಾಸು, ಮುಟ್ಟು ನಿಲ್ಲುವ ಕಾಲಕ್ಕೆ ಶುರುವಾಗಿ ಅಲ್ಲಿಂದ ಜೋರಾಗುತ್ತದೆ.

ಈಗ ಮೆಟ್ಟಿಲು ಹತ್ತುವ ಕಂಡಕ್ಟರಿನ ವಿಷಯಕ್ಕೆ ಬರೋಣ. ಸುಮ್ಮನೆ ಕೂತಿರುವಾಗ ಹೃದಯ ನಿಮಿಷಕ್ಕೆ ಐದು ಲೀಟರಿನಷ್ಟು ರಕ್ತ ಹೊರಹಾಕುತ್ತದೆ. ಬಿರುಸಾಗಿ ನಡೆದರೆ ಅದು ಎರಡು ಪಟ್ಟಾಗುತ್ತದೆ, ಓಡಿದರೆ ಮೂರು ನಾಲ್ಕು ಪಟ್ಟು. ಅಷ್ಟು ರಕ್ತ ನಾಳದೊಳಗೆ ರಭಸದಿಂದ ಹರಿಯುವಾಗ ಒಳಪದರವನ್ನು ಸವರಿಕೊಂಡು ಹೋಗುತ್ತದೆ. ಈ ಸವರುವಿಕೆಯನ್ನು ಒಳಪದರದ ಕೋಶಗಳು ಗ್ರಹಿಸುತ್ತವೆ, ಕೂಡಲೇ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತವೆ. ದಿನವೂ ಅರ್ಧ ಗಂಟೆ ಹೀಗೆ ಆದರೆ ಅದನ್ನು ತಯಾರಿಸುವ ಕಿಣ್ವ ಹೆಚ್ಚುತ್ತದೆ, ಪುಂಡ ಕಣಗಳನ್ನು ಅಡಗಿಸುವ ಕಿಣ್ವಗಳೂ ಹೆಚ್ಚುತ್ತವೆ. ನಡಿಗೆ, ಓಟ, ಸೈಕಲ್, ಈಜು ಮುಂತಾದ ಏರೋಬಿಕ್ ವ್ಯಾಯಾಮಗಳ ಬಲ ಇರುವುದು ಇಲ್ಲಿಯೇ. ದೊಡ್ಡ ಸ್ನಾಯುಗಳು ಲಯಬದ್ಧವಾಗಿ, ಬಹಳ ಹೊತ್ತು ದುಡಿಯುತ್ತವೆ. ಆದ್ದರಿಂದ ಹರಿವೂ ಬಹಳ ಹೊತ್ತು ಜೋರಾಗಿರುತ್ತದೆ.

ಇದು ಬರೀ ಊಹೆಯಲ್ಲ ಎಂದು ತೋರಿಸಿದ ಒಂದು ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಹತ್ತು ಆರೋಗ್ಯವಂತರಿಗೆ ಎಂಟು ವಾರ ಎರಡೂ ಕೈಗಳಿಂದ ಹಿಡಿಕೆ ಒತ್ತುವ ವ್ಯಾಯಾಮ ಮಾಡಿಸಿದರು. ಆ ಹೊತ್ತಿನಲ್ಲಿ ಒಂದು ಕೈಗೆ ಮಾತ್ರ ಬಿಪಿ ಪಟ್ಟಿಯನ್ನು ಅರೆಬರೆ ಉಬ್ಬಿಸಿ ಕಟ್ಟಿದ್ದರು. ಎರಡೂ ಕೈಗಳ ದುಡಿಮೆ ಸಮ, ಆದರೆ ಪಟ್ಟಿ ಕಟ್ಟಿದ ಕೈಯ ನಾಳದಲ್ಲಿ ಹರಿವು ಏರದಂತೆ ತಡೆ. ಅಳೆದು ನೋಡಿದರೆ ಪಟ್ಟಿಯಿಲ್ಲದ ಕೈಯ ನಾಳ ಸುಧಾರಿಸಿತ್ತು, ಪಟ್ಟಿ ಕಟ್ಟಿದ ಕೈಯದು ಇದ್ದ ಹಾಗೇ ಇತ್ತು. ಒಬ್ಬನೇ ಮನುಷ್ಯ, ಅದೇ ರಕ್ತ, ಅದೇ ಕೊಲೆಸ್ಟ್ರಾಲ್, ಅದೇ ಶುಗರ್, ಅದೇ ತೂಕ. ಬೇರೆಯಾಗಿದ್ದುದು ಹರಿವು ಮಾತ್ರ.

ಸುಧಾರಿಸಿತು ಎಂದು ಹೇಗೆ ಗೊತ್ತಾಗುತ್ತದೆ? ಅದನ್ನು ಅಳೆಯುವ ಪರೀಕ್ಷೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಖಾಲಿ ಹೊಟ್ಟೆಯಲ್ಲಿ ಬಂದವರನ್ನು ಮಲಗಿಸಿ, ಮೊಣಕೈ ಮೇಲ್ಭಾಗದ ನಾಳವನ್ನು ಅಲ್ಟ್ರಾಸೌಂಡಿನಲ್ಲಿ ಹಿಡಿಯುತ್ತಾರೆ. ಅಗಲ ಸುಮಾರು ನಾಲ್ಕು ಮಿಲಿಮೀಟರ್. ಮುಂಗೈಗೆ ಪಟ್ಟಿ ಬಿಗಿದು ಐದು ನಿಮಿಷ ರಕ್ತ ನಿಲ್ಲಿಸುತ್ತಾರೆ. ಬೆರಳು ಜುಮುಗುಡುತ್ತದೆ. ಪಟ್ಟಿ ಬಿಟ್ಟಕೂಡಲೆ ತಡೆದಿದ್ದ ರಕ್ತ ನುಗ್ಗುತ್ತದೆ, ಒಂದು ನಿಮಿಷದೊಳಗೆ ಪರದೆಯ ಮೇಲೆ ನಾಳದ ಎರಡು ಗೆರೆಗಳು ತುಸು ದೂರ ಸರಿಯುತ್ತವೆ. ಒಳಪದರ ಚುರುಕಾಗಿದ್ದರೆ ಆ ಅಂತರ ಒಂದು ಮಿಲಿಮೀಟರಿನ ಮೂರು ಹತ್ತಾಂಶದಷ್ಟಾಗಬಹುದು. ಮಂಕಾಗಿದ್ದರೆ ಗೆರೆಗಳು ಕದಲುವುದೇ ಕಷ್ಟ. ಕಣ್ಣಿಗೆ ಕಾಣದಷ್ಟು ಸಣ್ಣ ಈ ಚಲನೆಯನ್ನು ನಂಬಿ ಮೂವತ್ತು ವರ್ಷಗಳಿಂದ ಸಂಶೋಧನೆ ನಡೆದಿದೆ.

ವಯಸ್ಸಾದವರ ಮೇಲೆ ನಡೆದ ಎರಡು ಅಧ್ಯಯನಗಳು ಈ ವಿಷಯದಲ್ಲಿ ಮೈಲಿಗಲ್ಲು. ಎರಡೂ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವು, ಎರಡೂ ಪ್ರಕಟವಾದದ್ದು 2000ದಲ್ಲಿ. ಒಂದರಲ್ಲಿ, ವ್ಯಾಯಾಮದ ಅಭ್ಯಾಸವೇ ಇಲ್ಲದ ನಡುವಯಸ್ಸಿನ ಮತ್ತು ವಯಸ್ಸಾದ ಗಂಡಸರಿಗೆ ಮೂರು ತಿಂಗಳು ಮುಖ್ಯವಾಗಿ ನಡಿಗೆ ಮಾಡಿಸಿದರು. ಅಸಿಟೈಲ್‌ಕೋಲಿನ್ ಕೊಟ್ಟು ಮುಂಗೈಯ ನಾಳ ಎಷ್ಟು ಸಡಿಲವಾಗುತ್ತದೆ ಎಂದು ನೋಡಿದರೆ ಮೊದಲಿಗಿಂತ ಸುಮಾರು ಶೇ 30ರಷ್ಟು ಹೆಚ್ಚು. ಇನ್ನೊಂದು ಅಧ್ಯಯನ ಕುತ್ತಿಗೆಯ ನಾಳದ್ದು. ಸರಾಸರಿ 53 ವರ್ಷದ ಇಪ್ಪತ್ತು ಗಂಡಸರು ವಾರಕ್ಕೆ ಐದಾರು ದಿನ, ದಿನಕ್ಕೆ ಮುಕ್ಕಾಲು ಗಂಟೆಗೆ ಹತ್ತಿರ ಬಿರುಸಾಗಿ ನಡೆದರು. ಮೂರು ತಿಂಗಳಿಗೆ ಅವರ ಕುತ್ತಿಗೆಯ ನಾಳ ಮೊದಲಿಗಿಂತ ಸುಮಾರು ಕಾಲುಪಾಲು ಹೆಚ್ಚು ಹಿಗ್ಗುತ್ತಿತ್ತು. ಅದೇ ವಯಸ್ಸಿನ ಪಳಗಿದ ಓಟಗಾರರ ಮಟ್ಟಕ್ಕೆ ಹತ್ತಿರ ಬಂದಿತ್ತು. ಈ ಲಾಭಕ್ಕೂ ಅವರ ತೂಕ, ಕೊಬ್ಬು, ಬಿಪಿಗಳಲ್ಲಿ ಆದ ಏರಿಳಿತಕ್ಕೂ ಸಂಬಂಧ ಇರಲಿಲ್ಲ. ಪಾರ್ಕಿನ ಬೆಂಚಿನ ಮೇಲೆ ಕೂತು ಕೊರಗುವವರಿಗೆ ಓದಿ ಹೇಳಬೇಕಾದ ವಾಕ್ಯ ಇದು.

ಲಂಡನ್ನಿನಲ್ಲೇ ಇತ್ತೀಚೆಗೆ ಇನ್ನೊಂದು ಕೆಲಸ ನಡೆಯಿತು. ಮೊದಲ ಸಲ ಮ್ಯಾರಥಾನ್‌ಗೆ ಹೆಸರು ಕೊಟ್ಟ 138 ಮಂದಿಯ ಮಹಾಪಧಮನಿಯನ್ನು ತಯಾರಿ ಶುರು ಮಾಡುವ ಮುಂಚೆ ಮತ್ತು ಓಟ ಮುಗಿದ ಮೇಲೆ ಸ್ಕ್ಯಾನ್ ಮಾಡಿದರು. ಆರು ತಿಂಗಳ ತಯಾರಿಯಲ್ಲಿ ನಾಳದ ಬಿರುಸು ಸುಮಾರು ನಾಲ್ಕು ವರ್ಷ ಹಿಂದಕ್ಕೆ ಹೋಗಿತ್ತು. 2020ರಲ್ಲಿ ಬಂದ ಈ ವರದಿಯಲ್ಲಿ ನನಗೆ ಇಷ್ಟವಾದದ್ದು ಬೇರೆ ಒಂದು ಸಂಗತಿ. ಹೆಚ್ಚು ಲಾಭ ಪಡೆದವರು ವಯಸ್ಸಾದವರು, ಬಿಪಿ ತುಸು ಹೆಚ್ಚಿದ್ದವರು, ನಿಧಾನಕ್ಕೆ ಓಡಿ ಕೊನೆಗೆ ಗುರಿ ಮುಟ್ಟಿದವರು.

ಜೀವನವಿಡೀ ಓಡಿದವರ ಕಥೆ ಏನು? ಅಮೆರಿಕದ ಕ್ಲಾರೆನ್ಸ್ ಡಿಮಾರ್ ಮುದ್ರಣಾಲಯದಲ್ಲಿ ದುಡಿಯುತ್ತಿದ್ದವನು. ಎದೆಯಲ್ಲಿ ಏನೋ ಅಪಸ್ವರ ಕೇಳಿಸುತ್ತಿದೆ, ಓಟ ಬಿಡು ಎಂದು ವೈದ್ಯರು ಎಚ್ಚರಿಸಿದ್ದರು. ಅವನು 1911ರಲ್ಲಿ ಬೋಸ್ಟನ್ ಮ್ಯಾರಥಾನ್ ಗೆದ್ದ. ಆಮೇಲೆ ಇನ್ನೂ ಆರು ಸಲ ಗೆದ್ದ. ಕೊನೆಯ ಗೆಲುವು 1930ರಲ್ಲಿ, ಅವನಿಗೆ 41 ವರ್ಷ. ಅರವತ್ತರ ಕೊನೆಯವರೆಗೂ ಓಡುತ್ತಲೇ ಇದ್ದ. 1958ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಮರಣೋತ್ತರ ಪರೀಕ್ಷೆ ನಡೆಯಿತು. ಅಧ್ಯಕ್ಷ ಐಸೆನ್‌ಹೋವರ್ ಅವರ ಹೃದಯತಜ್ಞರಾಗಿದ್ದ ಪಾಲ್ ಡಡ್ಲಿ ವೈಟ್ ಮತ್ತು ಸಹೋದ್ಯೋಗಿ ಅದನ್ನು 1961ರಲ್ಲಿ ಬರೆದು ಪ್ರಕಟಿಸಿದರು. ಡಿಮಾರ್‌ನ ಹೃದಯದ ನಾಳಗಳು ಸಾಮಾನ್ಯರದಕ್ಕಿಂತ ಎರಡು ಮೂರು ಪಟ್ಟು ಅಗಲವಿದ್ದವು. ವಯಸ್ಸಿಗೆ ತಕ್ಕ ಕೊಬ್ಬಿನ ಗಟ್ಟಿ ಅವುಗಳಲ್ಲೂ ಕೂತಿತ್ತು. ಆದರೆ ನಾಳ ಅಷ್ಟು ವಿಶಾಲವಾಗಿದ್ದುದರಿಂದ ಹರಿವಿಗೆ ತೊಂದರೆ ಆಗಿರಲಿಲ್ಲ. ಒಬ್ಬನ ಹೃದಯದಿಂದ ಸಿದ್ಧಾಂತ ಕಟ್ಟಲಾಗದು. ಆದರೂ ಒಂದು ಮಾತು ಇಲ್ಲಿ ಸ್ಪಷ್ಟ: ವ್ಯಾಯಾಮ ಕೊಬ್ಬಿನ ಗಟ್ಟಿಯನ್ನು ಪೂರ್ತಿ ತಡೆಯುತ್ತದೆ ಎಂಬ ಭ್ರಮೆ ಬೇಡ. ಸಿಗರೇಟು ಸೇದುತ್ತ, ಬಿಪಿ ಮಾತ್ರೆ ಎಸೆದು, ನಡಿಗೆಯೊಂದನ್ನೇ ನೆಚ್ಚಿ ಕೂರುವುದಕ್ಕೆ ಇದು ಪರವಾನಗಿ ಅಲ್ಲ. ತುಂಡಾದ ಎಲಾಸ್ಟಿನ್ ನಾರನ್ನು ಯಾವ ನಡಿಗೆಯೂ ಮರಳಿ ಜೋಡಿಸುವುದಿಲ್ಲ.

ಹೆಂಗಸರ ವಿಷಯ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಮೇಲಿನ ಅಧ್ಯಯನಗಳಲ್ಲಿ ಬಹಳಷ್ಟು ಗಂಡಸರವೇ. ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಹಾರ್ಮೋನು ನೈಟ್ರಿಕ್ ಆಕ್ಸೈಡ್ ತಯಾರಿಗೆ ಬೆಂಬಲವಾಗಿ ನಿಂತಿರುತ್ತದೆ. ಅದು ಹೋದ ಮೇಲೆ ನಡಿಗೆಗೆ ಒಳಪದರ ಅಷ್ಟು ಸುಲಭವಾಗಿ ಓಗೊಡುವುದಿಲ್ಲ. ಕೊಲರಾಡೊದ ಅದೇ ಬಳಗ 2011ರಲ್ಲಿ ಹೋಲಿಸಿ ನೋಡಿದಾಗ ನಡಿಗೆಯಿಂದ ಗಂಡಸರ ನಾಳ ಚೆನ್ನಾಗಿ ಸುಧಾರಿಸಿತು, ಮುಟ್ಟು ನಿಂತ ಹೆಂಗಸರಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಗೋಡೆಯ ಬಿರುಸು ತಗ್ಗುವ ಲಾಭ ಈ ವಯಸ್ಸಿನ ಹೆಂಗಸರಲ್ಲೂ ಕಂಡುಬಂದಿದೆ, ಬಿಪಿ ಮತ್ತು ಶುಗರಿನ ಲಾಭಗಳೂ ಇವೆ. ಆದರೆ ಮನೆಯಲ್ಲಿ ಎಲ್ಲರ ಕೆಲಸ ಮುಗಿದ ಮೇಲೆ ನನ್ನ ವಾಕಿಂಗ್ ಎಂದು ಐವತ್ತೈದರವರೆಗೆ ಮುಂದೂಡುತ್ತ ಬರುವ ನಮ್ಮ ಅಕ್ಕಂದಿರು, ಅತ್ತಿಗೆಯಂದಿರು ಇದನ್ನು ಗಮನಿಸಬೇಕು. ನಲವತ್ತರಲ್ಲಿ ಶುರು ಮಾಡುವುದು ಅವರಿಗೆ ಗಂಡಸರಿಗಿಂತ ಹೆಚ್ಚು ಮುಖ್ಯ. ಆ ಅರ್ಧ ಗಂಟೆಯನ್ನು ಬಿಡಿಸಿಕೊಡುವ ಹೊಣೆ ಮನೆಮಂದಿಯದೂ ಹೌದು.

ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ವ್ಯಾಯಾಮ. ಮಧ್ಯಮ ಎಂದರೆ ಮಾತಾಡಲು ಬರಬೇಕು, ಹಾಡಲು ಬರಬಾರದು. ನಮ್ಮ ಪಾರ್ಕುಗಳಲ್ಲಿ ರಾಜಕೀಯ ಚರ್ಚೆ ಮಾಡುತ್ತ, ಸಿಟ್ಟು ಬಂದಲ್ಲೆಲ್ಲ ನಿಂತು ಕೈ ಆಡಿಸುತ್ತ ಸಾಗುವ ಗುಂಪುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ದಿನ ಎಂಬುದಕ್ಕೂ ಒಂದು ಉತ್ತರ ಸಿಕ್ಕಿದೆ. ಅಮೆರಿಕದ ಡಲ್ಲಾಸ್‌ನಲ್ಲಿ ಅರವತ್ತು ದಾಟಿದ 102 ಮಂದಿಯ ಜೀವಮಾನದ ವ್ಯಾಯಾಮದ ಅಭ್ಯಾಸವನ್ನು ಕೇಳಿ ತಿಳಿದು ನಾಳಗಳನ್ನು ಪರೀಕ್ಷಿಸಿದರು. ವಾರಕ್ಕೆ ಎರಡು ಮೂರು ದಿನ ಮಾಡುತ್ತ ಬಂದವರ ಕುತ್ತಿಗೆಯಂಥ ಮಧ್ಯಮ ಗಾತ್ರದ ನಾಳಗಳು ಮೃದುವಾಗಿದ್ದವು. ಮಹಾಪಧಮನಿಯಂಥ ದೊಡ್ಡ ನಾಳಗಳೂ ಎಳಸಾಗಿ ಉಳಿದದ್ದು ನಾಲ್ಕೈದು ದಿನ ಅಥವಾ ಅದಕ್ಕೂ ಹೆಚ್ಚು ಮಾಡಿದವರಲ್ಲಿ ಮಾತ್ರ.

ಬೆಳಿಗ್ಗೆ ನಡೆದಾಯಿತು, ಇನ್ನು ಸಂಜೆವರೆಗೆ ಕುರ್ಚಿ ಬಿಟ್ಟೇಳುವುದಿಲ್ಲ ಎಂದರೂ ನಷ್ಟವೇ. ಮೂರು ಗಂಟೆ ಒಂದೇ ಸಮನೆ ಕೂತರೆ ಗಟ್ಟಿಮುಟ್ಟಾದ ಯುವಕರ ತೊಡೆಯ ನಾಳ ಕೂಡ ಮಂಕಾಗುತ್ತದೆ. ಪ್ರತಿ ಗಂಟೆಗೆ ಐದು ನಿಮಿಷ ನಿಧಾನಕ್ಕೆ ಓಡಾಡಿದರೆ ಹಾಗಾಗುವುದಿಲ್ಲ ಎಂದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಪ್ರಯೋಗ ತೋರಿಸಿದೆ. ಬೆಂಗಳೂರಿನ ಐ.ಟಿ. ಹುಡುಗರಿಗೂ, ಊರಿಂದೂರಿಗೆ ಬಸ್ ಓಡಿಸುವ ಡ್ರೈವರಿಗೂ, ಮಧ್ಯಾಹ್ನ ಪೂರ್ತಿ ಧಾರಾವಾಹಿ ನೋಡುವ ಅಜ್ಜಿಗೂ ಸಲಹೆ ಒಂದೇ: ಸಿಕ್ಕ ಬಿಡುವಿನಲ್ಲಿ ಎದ್ದು ಓಡಾಡಿ. ಭಾರ ಎತ್ತುವ ವ್ಯಾಯಾಮ ಬೇಡವೇ ಎಂದರೆ, ವಾರಕ್ಕೆ ಎರಡು ದಿನ ಬೇಕೇ ಬೇಕು. ವಯಸ್ಸಾದಂತೆ ಸೊರಗುವ ಸ್ನಾಯುಗಳಿಗೆ ಅದೇ ಔಷಧ. ಆದರೆ ಉಸಿರು ಬಿಗಿಹಿಡಿದು ವಿಪರೀತ ಭಾರ ಎತ್ತುವುದು ನಾಳವನ್ನು ಮೃದು ಮಾಡುವುದಿಲ್ಲ. ಅದು ನಡಿಗೆಯ ಬದಲಿ ಅಲ್ಲ.

ಎದೆನೋವು, ಮೆಟ್ಟಿಲು ಹತ್ತಿದರೆ ವಿಪರೀತ ಏದುಸಿರು, ತಲೆಸುತ್ತು ಇರುವವರು, ಹೃದ್ರೋಗ ಅಥವಾ ಹಳೆಯ ಶುಗರ್ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಉಳಿದವರು ಹತ್ತು ನಿಮಿಷದಿಂದ ಆರಂಭಿಸಿ ವಾರವಾರ ಏರಿಸಿಕೊಂಡು ಹೋದರೆ ಸಾಕು.

ಕೊನೆಯದಾಗಿ ಒಂದು ಮಾತು. ಈ ಲಾಭವನ್ನು ಕೂಡಿಡಲು ಬರುವುದಿಲ್ಲ. ಕಾಲೇಜಿನಲ್ಲಿ ಕಬಡ್ಡಿ ಆಡಿದ್ದು, ನಿವೃತ್ತಿಗೆ ಮುಂಚೆ ಐದು ವರ್ಷ ಓಡಿದ್ದು ಈಗಿನ ನಾಳಕ್ಕೆ ಹೆಚ್ಚು ಕಾಲ ಒದಗಿಬರುವುದಿಲ್ಲ. ವ್ಯಾಯಾಮ ನಿಂತರೆ ಒಳಪದರ ಬಹಳ ಬೇಗ ಹಳೆಯ ಚಾಳಿಗೆ ಬೀಳುತ್ತದೆ. ಇದನ್ನು ಕೇಳಿ ಬೇಸರಪಡಬೇಕಾಗಿಲ್ಲ, ಇದೇ ಮಾತಿನ ಇನ್ನೊಂದು ಮಗ್ಗುಲು ನಮ್ಮ ಪರವಾಗಿದೆ. ವ್ಯಾಯಾಮದ ಅಭ್ಯಾಸವಿಲ್ಲದ, ಸರಾಸರಿ ಐವತ್ಮೂರರ ಗಂಡಸರ ನಾಳ ಮೂರೇ ತಿಂಗಳ ನಡಿಗೆಗೆ ಸ್ಪಂದಿಸಿತು. ಹಾಗಾಗಿ ಮುಂದಿನ ಸಲ ಫಲ ಸಿಗಲಿಲ್ಲ ಎಂದು ನಡಿಗೆ ಬಿಡುವ ಮುನ್ನ ಕೇಳಿಕೊಳ್ಳಬೇಕಾದದ್ದು ಎರಡೇ ಪ್ರಶ್ನೆ: ಈ ವಾರ ಎಷ್ಟು ದಿನ ನಡೆದೆ? ನಡೆಯುವಾಗ ಉಸಿರು ಏರಿತ್ತೇ? ಎರಡಕ್ಕೂ ಉತ್ತರ ಸರಿಯಾಗಿದ್ದರೆ ಯಂತ್ರದ ಮುಳ್ಳು ಎಲ್ಲಿಯಾದರೂ ನಿಲ್ಲಲಿ.